ಫೇಸ್‌ಲಿಫ್ಟ್ ನಂತರದ ಊತ: ಒಂದು ವರ್ಷದ ನನ್ನ ಅನುಭವ

58ನೇ ವಯಸ್ಸಿನಲ್ಲಿ ನಾನು ಮುಖ ಮತ್ತು ಕುತ್ತಿಗೆಗೆ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಚರ್ಮವನ್ನು ಬಿಗಿಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅದು ಮುಗಿಯಲು ಹಿಡಿದದ್ದು ಸುಮಾರು 4 ಗಂಟೆ; ಅದರ ಹಿಂದೆ ಬಂದ ಊತ, ಬಿಗಿತ ಮತ್ತು ಜೋಮನ್ನು ನೋಡಿಕೊಂಡದ್ದು ಹೆಚ್ಚುಕಡಿಮೆ ಒಂದು ವರ್ಷ. ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬುದನ್ನು ವೈದ್ಯರು ವಿವರಿಸುತ್ತಾರೆ. ಆದರೆ ಮನೆಗೆ ಬಂದ ಮೇಲೆ ದಿಂಬನ್ನು ಹೇಗೆ ಜೋಡಿಸಿಕೊಳ್ಳಬೇಕು, ಯಾವ ಊತಕ್ಕೆ ಹೆದರಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂಬುದನ್ನು ನಾನು ಒಂದೊಂದಾಗಿ ಕಲಿಯಬೇಕಾಯಿತು. ಇಲ್ಲಿರುವುದು ನನಗೆ ಹೇಳಿಕೊಟ್ಟ ಕ್ರಮ ಮತ್ತು ಅದನ್ನು ನಾನು ಪಾಲಿಸಿದ ಬಗೆ. ನಿಮ್ಮ ಸರ್ಜನ್ ಇದಕ್ಕಿಂತ ಬೇರೆ ಹೇಳಿದ್ದರೆ ಅವರು ಹೇಳಿದಂತೆಯೇ ನಡೆಯಿರಿ.

ಊತ ಏಕೆ ಬರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡಿದ್ದರಿಂದ ನನಗೆ ಬಹಳ ಧೈರ್ಯ ಬಂದಿತ್ತು. ಕಿವಿಯ ಮುಂದೆ ಮತ್ತು ಹಿಂದೆ ಕೊಯ್ದು, ಕೆನ್ನೆ ಹಾಗೂ ಕುತ್ತಿಗೆಯ ಚರ್ಮವನ್ನು ಅದರ ಕೆಳಗಿನ ಪದರದಿಂದ ಬಿಡಿಸುತ್ತಾರೆ. ಸ್ನಾಯು ಮತ್ತು ನಾರಿನಂಥ ಅಂಗಾಂಶದಿಂದಾದ ಆ ಕೆಳಗಿನ ಪದರಕ್ಕೆ ಎಸ್‌ಎಂಎಎಸ್ ಎಂದು ಹೆಸರು. 1976ರಲ್ಲಿ ಮಿಟ್ಸ್ ಮತ್ತು ಪೇರೊನಿ ಎಂಬ ಶಸ್ತ್ರವೈದ್ಯರು ಅದರ ರಚನೆಯನ್ನು ವಿವರಿಸಿದ ಮೇಲೆ, ಚರ್ಮವನ್ನಷ್ಟೇ ಎಳೆದು ಹೊಲಿಯುವ ಬದಲು ಆ ಪದರವನ್ನೇ ಮೇಲಕ್ಕೆತ್ತಿ ಬಿಗಿಮಾಡುವ ಪದ್ಧತಿ ವ್ಯಾಪಕವಾಯಿತು. ಹೀಗೆ ಬಿಡಿಸುವಾಗ ಸಣ್ಣ ರಕ್ತನಾಳಗಳಷ್ಟೇ ಅಲ್ಲ, ಅಂಗಾಂಶಗಳಲ್ಲಿ ಸೇರಿದ ದ್ರವವನ್ನು ಹೊತ್ತೊಯ್ಯುವ ದುಗ್ಧನಾಳಗಳೂ ತುಂಡಾಗುತ್ತವೆ. ಗಾಯವನ್ನು ಮಾಯಿಸಲು ದೇಹವು ಅಲ್ಲಿಗೆ ದ್ರವವನ್ನು ಹರಿಸುತ್ತಲೇ ಇರುತ್ತದೆ, ಆದರೆ ಅದು ಹೊರಗೆ ಹೋಗುವ ದಾರಿ ಮಾತ್ರ ಕಡಿದುಹೋಗಿರುತ್ತದೆ. ಬಚ್ಚಲಿನ ತೂಬು ಕಟ್ಟಿಕೊಂಡಾಗ ನೀರು ನಿಲ್ಲುವಂತೆ ಮುಖದಲ್ಲಿ ದ್ರವ ನಿಲ್ಲುತ್ತದೆ. ನಾಳಗಳು ಮತ್ತೆ ದಾರಿ ಮಾಡಿಕೊಂಡಂತೆಲ್ಲ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ನಾವು ಮಾಡಬಹುದಾದದ್ದು ಎರಡೇ: ದ್ರವ ಹೆಚ್ಚಾಗಿ ಬಂದು ಸೇರದಂತೆ ನೋಡಿಕೊಳ್ಳುವುದು ಮತ್ತು ಬಂದದ್ದು ಕೆಳಗೆ ಹರಿಯಲು ಅನುಕೂಲ ಮಾಡಿಕೊಡುವುದು.

ತಯಾರಿ ಎರಡು ವಾರ ಮೊದಲೇ ಶುರುವಾಯಿತು. ರಕ್ತಸ್ರಾವವನ್ನು ಹೆಚ್ಚಿಸಬಹುದಾದ ಐಬುಪ್ರೊಫೆನ್, ಮೀನೆಣ್ಣೆಯ ಗುಳಿಗೆ, ವಿಟಮಿನ್ ಇ ಇವೆಲ್ಲವನ್ನೂ ವೈದ್ಯರು ನಿಲ್ಲಿಸಿದರು. ಆಸ್ಪಿರಿನ್ ಕೂಡ ಆ ಪಟ್ಟಿಯಲ್ಲಿತ್ತು. ಆದರೆ ಹೃದಯದ ತೊಂದರೆಗಾಗಿ ಅದನ್ನು ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು, ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ನನ್ನ ಬಿಪಿ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದು ಎಂದು ಒತ್ತಿ ಹೇಳಿದ್ದರು, ಏಕೆಂದರೆ ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಏರಿದರೆ ಚರ್ಮದಡಿಯಲ್ಲಿ ರಕ್ತ ಸೋರುವ ಅಪಾಯವೂ ಏರುತ್ತದೆ. ನಾನು ಸಿಗರೇಟು ಸೇದುವವಳಲ್ಲ. ಸೇದುವವರು ಈ ಒಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಬಿಡಿಸಿ ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಕಿವಿಯ ಸುತ್ತಲಿನ ಭಾಗ ಕಪ್ಪಾಗಿ ಸತ್ತುಹೋಗುವ ಸಂಭವವಿರುತ್ತದೆ. ನಿಕೋಟಿನ್ ಇರುವ ಚೂಯಿಂಗ್ ಗಮ್, ಪ್ಯಾಚ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಅಂಗಾತ ಮಲಗುವ ಅಭ್ಯಾಸವನ್ನು ಒಂದು ವಾರ ಮೊದಲೇ ಮಾಡಿಕೊಂಡೆ. ತಲೆ 30ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿರಬೇಕು ಎಂದು ಎಲ್ಲರಿಗೂ ಹೇಳುತ್ತಾರೆ, ಆದರೆ ಅದನ್ನು ಹೇಗೆ ಮಾಡಬೇಕೆಂಬುದರಲ್ಲಿಯೇ ತಪ್ಪಾಗುತ್ತದೆ. ಮೊದಲ ರಾತ್ರಿ ನಾನು ತಲೆಯ ಕೆಳಗೆ ಮೂರು ದಿಂಬುಗಳನ್ನು ಒಂದರ ಮೇಲೊಂದು ಇಟ್ಟು ಮಲಗಿದೆ. ಬೆಳಗಾಗುವಷ್ಟರಲ್ಲಿ ಗಲ್ಲ ಎದೆಗೆ ತಾಗಿ ಕುತ್ತಿಗೆ ಮಡಿಸಿಕೊಂಡಿತ್ತು. ಶಸ್ತ್ರಚಿಕಿತ್ಸೆಯ ನಂತರ ಹೀಗಾದರೆ ಗಲ್ಲದ ಕೆಳಗಿನ ಚರ್ಮ ಮಡಚಿಕೊಂಡು ಅಲ್ಲಿನ ರಕ್ತಸಂಚಾರಕ್ಕೂ ದ್ರವ ಹರಿಯುವುದಕ್ಕೂ ಅಡ್ಡಿಯಾಗುತ್ತದೆ. ಎತ್ತರ ಶುರುವಾಗಬೇಕಾದದ್ದು ಸೊಂಟದಿಂದ. ಆಮೇಲೆ ಒಂದು ಗಟ್ಟಿ ದಿಂಬನ್ನು ಸೊಂಟದ ಮೇಲ್ಭಾಗಕ್ಕೆ, ಇನ್ನೊಂದನ್ನು ಬೆನ್ನಿಗೆ, ತೆಳ್ಳನೆಯ ಒಂದನ್ನು ಮಾತ್ರ ತಲೆಗೆ ಕೊಟ್ಟು ಇಳಿಜಾರಾಗಿ ಜೋಡಿಸಿದೆ. ಎರಡೂ ಪಕ್ಕದಲ್ಲಿ ಒಂದೊಂದು ದಿಂಬನ್ನು ಒತ್ತಿಟ್ಟರೆ ನಿದ್ದೆಯಲ್ಲಿ ಮಗ್ಗುಲಾಗುವುದಿಲ್ಲ. ಮಂಡಿಯ ಕೆಳಗೂ ಒಂದು ಚಿಕ್ಕ ದಿಂಬಿದ್ದರೆ ದೇಹ ಕೆಳಕ್ಕೆ ಜಾರುವುದಿಲ್ಲ. ಹೀಗೆ ಮೂರು ವಾರ ಮಲಗಿದೆ.

ಎಲ್ಲಕ್ಕಿಂತ ಎಚ್ಚರದಿಂದಿರಬೇಕಾದದ್ದು ಮೊದಲ 24 ಗಂಟೆ. ಚರ್ಮದಡಿಯಲ್ಲಿ ರಕ್ತ ಸೇರಿಕೊಳ್ಳುವುದು ಫೇಸ್‌ಲಿಫ್ಟ್‌ನ ನಂತರ ಹೆಚ್ಚಾಗಿ ಕಾಣುವ ತೊಡಕು, ಮತ್ತು ಅದು ಸಾಮಾನ್ಯವಾಗಿ ಆ ಮೊದಲ ದಿನದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಗಂಡಸರಲ್ಲಿ ಮತ್ತು ರಕ್ತದೊತ್ತಡ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಸಾಧಾರಣ ಊತ ಎರಡೂ ಕೆನ್ನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮನಾಗಿ, ನಿಧಾನವಾಗಿ ಏರುತ್ತದೆ, ಒತ್ತಿದರೆ ಮೆತ್ತಗಿರುತ್ತದೆ. ರಕ್ತ ಸೇರಿದರೆ ಒಂದೇ ಕಡೆ ಕೆಲವೇ ಗಂಟೆಗಳಲ್ಲಿ ಊದಿಕೊಂಡು ಬಿರುಸಾಗುತ್ತದೆ, ಮಾತ್ರೆಗೂ ಬಗ್ಗದ ನೋವು ಏರುತ್ತ ಹೋಗುತ್ತದೆ, ಚರ್ಮ ನೀಲಿಗಟ್ಟುತ್ತದೆ. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ. ತಕ್ಷಣ ಕರೆ ಮಾಡಬೇಕು, ಏಕೆಂದರೆ ಸೇರಿದ ರಕ್ತವನ್ನು ಬೇಗ ತೆಗೆಯದಿದ್ದರೆ ಮೇಲಿನ ಚರ್ಮಕ್ಕೇ ಕುತ್ತು ಬರುತ್ತದೆ.

ನನಗೂ ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಡಗೆನ್ನೆ ಬಿಗಿದು ಬಂದಂತಾಗಿ ಎಚ್ಚರವಾಯಿತು. ಮಗಳು ದೀಪ ಹಾಕಿ ಎರಡೂ ಕಡೆ ನೋಡಿದಳು, ಸರ್ಜನ್ನರಿಗೆ ಕರೆ ಮಾಡಿದಳು. ಅವರು ಕೇಳಿದ ಪ್ರಶ್ನೆಗಳು ನನಗೆ ಇಂದಿಗೂ ನೆನಪಿವೆ: ಎರಡೂ ಕೆನ್ನೆ ಒಂದೇ ಥರ ಇವೆಯೇ, ಮುಟ್ಟಿದರೆ ಗಟ್ಟಿಯೇ ಮೆತ್ತಗೆಯೇ, ಸೇರಿದ ದ್ರವ ಹೊರಬರಲೆಂದು ಕಿವಿಯ ಹಿಂದೆ ಇಟ್ಟಿದ್ದ ಡ್ರೇನ್ ಕೊಳವೆಯಲ್ಲಿ ರಕ್ತ ಎಷ್ಟು ಬಂದಿದೆ, ಬಿಪಿ ಎಷ್ಟಿದೆ. ಬಿಪಿ ಸರಿಯಾಗಿತ್ತು, ಕೆನ್ನೆಗಳು ಸಮನಾಗಿದ್ದವು. "ಅಮ್ಮಾ, ಪಟ್ಟಿ ಎಡಗಡೆ ಒತ್ತಿಕೊಂಡಿದೆ, ಅಷ್ಟೇ" ಎಂದು ಮಗಳು ಹೇಳಿದಳು. ಅವರು ಹೇಳಿದ ಹಾಗೆ ಗಲ್ಲದಿಂದ ತಲೆಗೆ ಸುತ್ತಿದ್ದ ಪಟ್ಟಿಯನ್ನು ಒಂದು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲಿಸಿದ ಮೇಲೆ ಬಿಗಿತ ಇಳಿಯಿತು. ಸುಮ್ಮನೆ ತೊಂದರೆ ಕೊಟ್ಟೆವೇನೋ ಎಂದು ಸಂಕೋಚವಾಗಿತ್ತು. ಇಂಥ ಕರೆ ಹತ್ತು ಬಂದರೂ ಬೇಸರವಿಲ್ಲ, ಬರಬೇಕಾದ ಒಂದು ಕರೆ ಬರದಿದ್ದರೆ ಕಷ್ಟ ಎಂದು ಸರ್ಜನ್ನರು ಹೇಳಿದರು. ಮರುದಿನ ಡ್ರೇನ್ ತೆಗೆದರು.

ತಣ್ಣನೆಯ ಪಟ್ಟಿಯನ್ನು ಮೊದಲ 48 ಗಂಟೆ ಇಟ್ಟುಕೊಂಡೆ. ತೆಳ್ಳನೆಯ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಕಣ್ಣುಗಳ ಮೇಲೆ ಮತ್ತು ಮೂಗಿನ ಎರಡೂ ಬದಿಯಲ್ಲಿ 15 ನಿಮಿಷ ಇಡುವುದು, ಅಷ್ಟೇ ಹೊತ್ತು ತೆಗೆದಿಡುವುದು. ಕಿವಿಯ ಹತ್ತಿರ, ಚರ್ಮ ಬಿಡಿಸಿದ ಜಾಗದಲ್ಲಿ ಇಡಬೇಡಿ ಎಂದಿದ್ದರು. ಮಂಜುಗಡ್ಡೆಯನ್ನು ನೇರವಾಗಿ ಎಲ್ಲಿಯೂ ಇಡಬಾರದು. ಕೆನ್ನೆಗಳಲ್ಲಿ ಆಗ ಸ್ಪರ್ಶವೇ ಇರುವುದಿಲ್ಲ, ಹೀಗಾಗಿ ಅತಿಯಾದ ತಂಪಿನಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ ತಲೆಸ್ನಾನದ ನಂತರ ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನೂ ತಿಂಗಳುಗಟ್ಟಲೆ ಬಳಸಲಿಲ್ಲ.

ಮೂರನೆಯ ದಿನ ಊತ ತುದಿ ಮುಟ್ಟುತ್ತದೆ. ಕಣ್ಣುಗಳು ಸೀಳಿನಷ್ಟೇ ತೆರೆದುಕೊಳ್ಳುತ್ತಿದ್ದವು, ದವಡೆಯ ಗೆರೆಯೇ ಕಾಣುತ್ತಿರಲಿಲ್ಲ, ಕಿವಿಗಳು ಅಕ್ಕಪಕ್ಕಕ್ಕೆ ಚಾಚಿಕೊಂಡಂತಿದ್ದವು. ಮುಂದೆ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಕೆನ್ನೆಯಿಂದ ಕುತ್ತಿಗೆಗೆ, ಅಲ್ಲಿಂದ ಎದೆಯ ಮೇಲ್ಭಾಗಕ್ಕೆ ಇಳಿಯಿತು. ಎದೆಯ ಮೇಲೆ ಏನೂ ಮಾಡಿಲ್ಲವಲ್ಲ ಎಂದು ಗಾಬರಿಯಾಗುವುದು ಸಹಜ. ಅದು ಭೂಮಿಯ ಸೆಳೆತಕ್ಕೆ ರಕ್ತದ ಕಲೆ ಕೆಳಗಿಳಿಯುವುದು, ಅಷ್ಟೇ. ನಾನು ದಿನಕ್ಕೆರಡು ಬಾರಿ, ಅದೇ ಕುರ್ಚಿಯಲ್ಲಿ, ಅದೇ ಕಿಟಕಿಯ ಬೆಳಕಿನಲ್ಲಿ ಕುಳಿತು, ಕಂಡದ್ದನ್ನು ಒಂದೊಂದು ಸಾಲಿನಲ್ಲಿ ಬರೆದಿಡುತ್ತಿದ್ದೆ. ಬೆಳಿಗ್ಗೆ ಎದ್ದಾಗ ಊತ ಹೆಚ್ಚು, ಎದ್ದು ಓಡಾಡಿದಂತೆ ಮಧ್ಯಾಹ್ನಕ್ಕೆ ಕಡಿಮೆ ಎಂಬುದು ಆ ಬರಹದಿಂದಲೇ ಗೊತ್ತಾಯಿತು. ಮಿಕ್ಕ ಹೊತ್ತಿನಲ್ಲಿ ಕನ್ನಡಿ ನೋಡುವುದನ್ನು ಬಿಟ್ಟೆ.

ಮೊದಲ ದಿನದಿಂದಲೇ ಮನೆಯೊಳಗೆ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯುತ್ತಿದ್ದೆ; ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆಯಾದ್ದರಿಂದ ಅದನ್ನು ತೀರ ಕಡಿಮೆ ಮಾಡಿದೆ, ಹೆಚ್ಚು ಅಗಿಯಬೇಕಾದದ್ದನ್ನು ಎರಡು ವಾರ ಮುಟ್ಟಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಕತ್ತನ್ನು ಮಾತ್ರ ತಿರುಗಿಸದೆ ಭುಜಸಮೇತ ತಿರುಗುತ್ತಿದ್ದೆ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯ ಮಲಬದ್ಧತೆ. ಪ್ರಬಲವಾದ ನೋವುನಿವಾರಕ ಮಾತ್ರೆಗಳಿಂದ ಅದು ಸಾಮಾನ್ಯವಾಗಿ ಬರುತ್ತದೆ, ತಿಣುಕಿದರೆ ಮುಖಕ್ಕೆ ರಕ್ತ ನುಗ್ಗುತ್ತದೆ. ಆದ್ದರಿಂದ ಎರಡನೆಯ ದಿನವೇ ವೈದ್ಯರನ್ನು ಕೇಳಿ ಮಲ ಸಡಿಲಿಸುವ ಔಷಧಿ ಶುರುಮಾಡಿದೆ, ನೋವು ತಡೆಯುವಷ್ಟಾದ ಮೇಲೆ ಪ್ಯಾರಾಸಿಟಮಾಲ್‌ಗೆ ಬದಲಾಯಿಸಿಕೊಂಡೆ.

ಆರನೆಯ ದಿನ ಕಿವಿಯ ಮುಂದಿನ ಹೊಲಿಗೆಗಳನ್ನೂ ಹನ್ನೆರಡನೆಯ ದಿನ ಹಿಂದಿನವನ್ನೂ ತೆಗೆದರು. ಇವೆರಡರ ನಡುವೆ ನಾನು ಒಂದು ತಪ್ಪು ಮಾಡಿದೆ. ಒಂಬತ್ತನೆಯ ದಿನ ಮೈ ಹಗುರವಾಗಿತ್ತು, ಊತವೂ ಅರ್ಧ ಇಳಿದಿತ್ತು. ಕಪಾಟಿನ ಕೆಳಗಿನ ಅರೆಯಲ್ಲಿದ್ದ ಬಟ್ಟೆಗಳನ್ನು ಜೋಡಿಸೋಣವೆಂದು ಬಗ್ಗಿ ಕುಳಿತವಳು ಮುಕ್ಕಾಲು ಗಂಟೆ ಏಳಲಿಲ್ಲ. ಸಂಜೆಯ ಹೊತ್ತಿಗೆ ಕೆನ್ನೆಗಳಲ್ಲಿ ದಬದಬ ಬಡಿತ ಶುರುವಾಗಿ, ಐದನೆಯ ದಿನದ ಮುಖ ಮರಳಿ ಬಂದಿತ್ತು. ಸರ್ಜನ್ನರು ನೋಡಿ ರಕ್ತ ಸೇರಿಲ್ಲ ಎಂದು ಖಚಿತಪಡಿಸಿದರು, ಆದರೆ ಆ ಊತ ಇಳಿಯಲು ಮತ್ತೆ ನಾಲ್ಕು ದಿನ ಹಿಡಿಯಿತು. ತಲೆ ಎದೆಗಿಂತ ಕೆಳಗೆ ಹೋಗುವ ಯಾವ ಕೆಲಸವನ್ನೂ ಮೂರು ವಾರ ಮಾಡಬಾರದು ಎಂದು ಅವರು ಹೇಳಿದ್ದನ್ನು ನಾನು ಭಾರ ಎತ್ತಬಾರದು ಎಂದಷ್ಟೇ ಅರ್ಥಮಾಡಿಕೊಂಡಿದ್ದೆ. ಭಾರವೇ ಇಲ್ಲದೆ ಬರಿದೆ ಬಗ್ಗುವುದೂ ಸಾಕು.

ಮನಸ್ಸಿನ ವಿಷಯವನ್ನು ಬಿಡುವಂತಿಲ್ಲ. ನಾಲ್ಕನೆಯ ದಿನದಿಂದ ಸುಮಾರು ಎರಡು ವಾರ ನನಗೆ ಅಳು ಬರುತ್ತಿತ್ತು, ಇದನ್ನೇಕೆ ಮಾಡಿಸಿಕೊಂಡೆ ಎಂಬ ಪಶ್ಚಾತ್ತಾಪವೂ ಇತ್ತು. ಅರಿವಳಿಕೆ, ಮಾತ್ರೆಗಳು, ನಿದ್ದೆಗೇಡು, ಗುರುತು ಸಿಗದ ಮುಖ ಇವೆಲ್ಲ ಸೇರಿದರೆ ಯಾರಿಗಾದರೂ ಹೀಗಾಗಬಹುದು. ಆ ದಿನಗಳಲ್ಲಿ ಮುಖದ ಫಲಿತಾಂಶದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ, ಮನೆಯಲ್ಲಿ ಒಬ್ಬರಿಗಾದರೂ ಇದನ್ನು ಮೊದಲೇ ಹೇಳಿಡಿ. ನಾನು ಮಗಳಿಗೆ ಹೇಳಿಟ್ಟಿದ್ದೆ. ಅವಳು ಪ್ರತಿ ಸಂಜೆ ನನ್ನ ಬರಹದ ಹಿಂದಿನ ಪುಟವನ್ನೇ ನನಗೆ ಓದಿ ಹೇಳುತ್ತಿದ್ದಳು.

ಮೂರನೆಯ ವಾರದ ಹೊತ್ತಿಗೆ ಹೊರಗಿನವರ ಕಣ್ಣಿಗೆ ನಾನು ಸರಿಯಾಗಿದ್ದೆ. ಆದರೆ ಕೈಗೆ ಸಿಗುವ ಊತ ಆಗ ಬೇರೆ ರೂಪಕ್ಕೆ ಬಂದಿತ್ತು: ದವಡೆಯ ಕೆಳಗೆ ಗಟ್ಟಿ ಗಂಟುಗಳು, ಗಲ್ಲದಡಿಯಲ್ಲಿ ಹಗ್ಗ ಕಟ್ಟಿದಂತಹ ಬಿಗಿತ, ಬಲಗೆನ್ನೆ ಎಡಗೆನ್ನೆಗಿಂತ ದಪ್ಪ. ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲ ದಿನ ಅಪಾಯದ ಗುರುತಾಗಬಹುದಾಗಿದ್ದ ವ್ಯತ್ಯಾಸ ಮೂರನೆಯ ವಾರದಲ್ಲಿ ತೀರ ಸಾಮಾನ್ಯ. ಅನುಮತಿ ಸಿಕ್ಕ ಮೇಲೆ, ತರಬೇತಿ ಪಡೆದವರೊಬ್ಬರಿಂದ ದುಗ್ಧರಸ ಹರಿಸುವ ಮಸಾಜ್ ಕಲಿತೆ. ಅದರಲ್ಲಿ ಒತ್ತಡವೇ ಇರುವುದಿಲ್ಲ; ಚರ್ಮವನ್ನು ಬೆರಳ ತುದಿಯಿಂದ ಮೆಲ್ಲಗೆ ಸರಿಸುವುದಷ್ಟೇ. ಮೊದಲು ಕತ್ತಿನ ಬುಡದಲ್ಲಿ, ಕೊರಳೆಲುಬಿನ ಮೇಲೆ ದಾರಿ ಬಿಡಿಸಿ, ಆಮೇಲೆ ದವಡೆಯಿಂದ ಕೆಳಕ್ಕೆ ಬರಬೇಕು. ಗಂಟನ್ನು ಕರಗಿಸುತ್ತೇನೆಂದು ಬಲವಾಗಿ ಉಜ್ಜಿದರೆ ಊತ ಹೆಚ್ಚುತ್ತದೆ. ನನ್ನ ಗಂಟುಗಳು ಮೂರು ತಿಂಗಳಿಗೆ ಕರಗಿದವು. ಎಷ್ಟು ಮಸಾಜ್‌ನಿಂದ, ಎಷ್ಟು ಕಾಲದಿಂದ ಎಂದು ಬೇರ್ಪಡಿಸಿ ಹೇಳಲಾರೆ.

ಆಮೇಲಿನದು ನಿಧಾನದ ಕೆಲಸ. ನಾಲ್ಕನೆಯ ವಾರದ ನಂತರ ಬಿರುಸಿನ ನಡಿಗೆ, ಆರನೆಯ ವಾರದ ನಂತರ ವ್ಯಾಯಾಮ. ಗಾಯದ ಗೆರೆಗಳು ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್, ಹೊರಗೆ ಹೋಗುವಾಗ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಮತ್ತು ಅಗಲ ಅಂಚಿನ ಟೋಪಿ, ಏಕೆಂದರೆ ಹೊಸ ಗಾಯದ ಗುರುತು ಬಿಸಿಲಿಗೆ ಕಪ್ಪಾದರೆ ತಿಳಿಯಾಗುವುದು ಕಷ್ಟ. ಕೆಂಪಗಿದ್ದ ಗೆರೆಗಳು ಬಿಳಿಚಿಕೊಳ್ಳಲು ಹತ್ತು ತಿಂಗಳು ಬೇಕಾದವು. ಕೆನ್ನೆಗಳ ಜೋಮು ಅಂಚಿನಿಂದ ಒಳಕ್ಕೆ, ಇರುವೆ ಹರಿದಂತಹ ಚುಮುಚುಮುವಿನೊಂದಿಗೆ ಬಿಡುತ್ತ ಬಂದು ಐದನೆಯ ತಿಂಗಳಲ್ಲಿ ಹೋಯಿತು. ಕಿವಿಗೆ ಸ್ಪರ್ಶ ಕೊಡುವ ನರ ಕೊಯ್ದ ಜಾಗದ ಹತ್ತಿರವೇ ಹಾದುಹೋಗುವುದರಿಂದ ಅಲ್ಲಿ ತಡವಾಗುತ್ತದೆ. ವರ್ಷ ಕಳೆದರೂ ನನ್ನ ಎಡ ಕಿವಿಯ ಹಾಲೆಯಲ್ಲಿ ಸ್ಪರ್ಶ ಪೂರ್ತಿ ಮರಳಿಲ್ಲ. ಆ ಕಿವಿಗೆ ಓಲೆ ಹಾಕುವಾಗ ಈಗಲೂ ಕನ್ನಡಿ ನೋಡಿಕೊಂಡೇ ಹಾಕುತ್ತೇನೆ.