ಪಾದರಸ ಬೇಡ: ಗ್ರಾಫೈಟ್-ಎಪಾಕ್ಸಿ ಎಲೆಕ್ಟ್ರೋಡ್‌ನಲ್ಲಿ ಸೀಸ, ಕ್ಯಾಡ್ಮಿಯಂ ಅಳೆಯುವುದು ಹೇಗೆ

ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸೀಸಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂಗೆ 3. ಇಷ್ಟು ಕಡಿಮೆ ಅಳೆಯಲು ದೊಡ್ಡ ಯಂತ್ರವೇ ಆಗಬೇಕು ಅಂತೇನಿಲ್ಲ. ಒಂದು ಪೊಟೆನ್ಷಿಯೊಸ್ಟಾಟ್ (ಬೇಕಾದ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಉಪಕರಣ), ಕೈಯಲ್ಲೇ ಮಾಡಿಕೊಂಡ ಎಲೆಕ್ಟ್ರೋಡ್, ಜೊತೆಗೆ ಸ್ವಲ್ಪ ತಾಳ್ಮೆ ಇದ್ದರೆ ಆಗುತ್ತದೆ.

ಉಪಾಯ ಇಷ್ಟೇ. ಎಲೆಕ್ಟ್ರೋಡ್‌ಗೆ ಋಣ ವೋಲ್ಟೇಜ್ ಕೊಟ್ಟು ಕೆಲವು ನಿಮಿಷ ದ್ರಾವಣ ಕಲಕುತ್ತಾ ಇದ್ದರೆ ಲೋಹ ಅದರ ಮುಖದ ಮೇಲೆ ಬಂದು ಕೂರುತ್ತದೆ. ಆಮೇಲೆ ವೋಲ್ಟೇಜನ್ನು ಮೇಲಕ್ಕೆ ಎಳೆದರೆ ಒಂದೊಂದು ಲೋಹ ತನ್ನದೇ ಜಾಗದಲ್ಲಿ ಕರಗಿ ಹೊರಡುತ್ತದೆ, ಹೊರಡುವಾಗ ಕರೆಂಟಿನ ನಕ್ಷೆಯಲ್ಲಿ ಒಂದು ಪೀಕ್ (ಶಿಖರ) ಕೊಡುತ್ತದೆ. ಮೊದಲು ಈ ಕೆಲಸಕ್ಕೆ ಪಾದರಸವನ್ನೇ ನೆಚ್ಚಿಕೊಂಡಿದ್ದರು. 2000ದಲ್ಲಿ ಜೋಸೆಫ್ ವಾಂಗ್ ಮತ್ತು ಜೊತೆಗಾರರು ಬಿಸ್ಮತ್ ಅನ್ನುವ ಲೋಹದ ಪದರ ಸಾಕು ಅಂತ ತೋರಿಸಿದ ಮೇಲೆ ವಿಷ ಅಳೆಯಲು ಇನ್ನೊಂದು ವಿಷ ಬಳಸುವ ಕಷ್ಟ ಬಹುಪಾಲು ತಪ್ಪಿತು.

ಎಲೆಕ್ಟ್ರೋಡ್ ಮಾಡುವುದರಿಂದ ಶುರು ಮಾಡೋಣ. ತೂಕದಲ್ಲಿ ಒಂದು ಪಾಲು ನುಣ್ಣಗಿನ ಗ್ರಾಫೈಟ್ ಪುಡಿಗೆ ನಾಲ್ಕು ಪಾಲು ಎಪಾಕ್ಸಿ (ಗಟ್ಟಿಕಾರಕ ಸೇರಿಸಿ). ಗ್ಲೌಸ್ ಹಾಕಿಕೊಂಡು ಚೆನ್ನಾಗಿ ಕಲಸಿ, ಬಿಳಿ ಗೆರೆ ಕಾಣದಷ್ಟು ಕಲಸಿ. ತಾಮ್ರದ ತಂತಿ ಇಳಿಸಿದ ಪ್ಲಾಸ್ಟಿಕ್ ಕೊಳವೆಗೆ ಈ ಪೇಸ್ಟನ್ನು ಒತ್ತಿ ತುಂಬಿ. ಒಳಗೆ ಗಾಳಿ ಉಳಿದರೆ ಆಮೇಲೆ ಉಜ್ಜುವಾಗ ಮುಖದ ಮೇಲೆ ಗುಂಡಿ ಬೀಳುತ್ತದೆ, ಆ ಗುಂಡಿಯಲ್ಲಿ ಹಿಂದಿನ ಸ್ಯಾಂಪಲ್ ಅಡಗಿ ಕೂರುತ್ತದೆ. ತಂತಿ ಎಲ್ಲೂ ಮುಖದವರೆಗೆ ಬರಬಾರದು, ಬಂದರೆ ನೀವು ಅಳೆಯುವುದು ನಿಮ್ಮದೇ ತಾಮ್ರವನ್ನು! ಎಪಾಕ್ಸಿ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಗಟ್ಟಿಯಾಗಲು ಬಿಡಿ, ಅವಸರ ಬೇಡ.

ಗಟ್ಟಿಯಾದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿ. ಕರೆಂಟ್ ಹರಿಯದಿದ್ದರೆ ಗ್ರಾಫೈಟ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಕಲಸಿಲ್ಲ. ಇದನ್ನು ಉಜ್ಜುವ ಮೊದಲೇ ಮಾಡಿ, ಮೀಟರಿನ ಮೊನೆ ಕೂಡ ಲೋಹವೇ ಅಲ್ವಾ.

ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಉಜ್ಜುವುದರಲ್ಲೇ. 600, ಆಮೇಲೆ 1200 ನಂಬರಿನ ಮರಳು ಕಾಗದ, ಕೊನೆಗೆ 0.3 ಮೈಕ್ರಾನ್ ಅಲ್ಯುಮಿನಾ, ಎಲ್ಲವೂ ನೀರು ಹಾಕಿ. ಒಣ ಪುಡಿ ಮೂಗಿಗೆ ಹೋಗುವುದು ಒಳ್ಳೆಯದಲ್ಲ. ಮುಖ ಎಲ್ಲ ಕಡೆ ಒಂದೇ ಥರ ಮಂದವಾಗಿ ಹೊಳೆಯಬೇಕು. ನಂತರ ಫೆರಿಸಯನೈಡ್ ದ್ರಾವಣದಲ್ಲಿ ಒಂದು ಸೈಕ್ಲಿಕ್ ವೋಲ್ಟಮೊಗ್ರಾಂ (ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಬರೆದ ಕರೆಂಟಿನ ನಕ್ಷೆ) ತೆಗೆಯಿರಿ. ಎರಡು ಪೀಕ್‌ಗಳ ಅಂತರ ಲೆಕ್ಕದ ಪ್ರಕಾರ 59 ಮಿಲಿವೋಲ್ಟ್. ಇಂಥ ಎಲೆಕ್ಟ್ರೋಡ್‌ನಲ್ಲಿ ಅದಕ್ಕಿಂತ ಜಾಸ್ತಿ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಲ ಉಜ್ಜಿದ ಮೇಲೂ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತಿದೆಯಾ ಅನ್ನುವುದು ಮುಖ್ಯ.

ಪಾತ್ರೆಗಳನ್ನು 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಸೆಲ್‌ಗೆ, ಅಂದರೆ ಅಳೆಯುವ ಪಾತ್ರೆಗೆ, 5 ಮಿಲಿಲೀಟರ್ ಸ್ಯಾಂಪಲ್, 5 ಮಿಲಿಲೀಟರ್ ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ; ಬೆರೆತ ಮೇಲೆ 0.1 ಮೋಲಾರ್, ಪಿಎಚ್ 4.5), ಲೀಟರಿಗೆ ಅರ್ಧ ಮಿಲಿಗ್ರಾಂ ಆಗುವಷ್ಟು ಬಿಸ್ಮತ್. ಬಿಸ್ಮತ್ ಸೀಸದ ಜೊತೆಗೇ ಮುಖದ ಮೇಲೆ ಕೂರುತ್ತದೆ, ಬೇರೆ ಪದರ ಹಾಕುವ ಗೋಜಿಲ್ಲ.

ಈಗ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ (ವೋಲ್ಟೇಜ್ ಹೋಲಿಸಲು ಇಡುವ ಎಲೆಕ್ಟ್ರೋಡ್) ಎದುರು ಮೈನಸ್ 1.2 ವೋಲ್ಟ್‌ನಲ್ಲಿ ಕಲಕುತ್ತಾ 120 ಸೆಕೆಂಡ್. ಕಲಕುವುದನ್ನು ನಿಲ್ಲಿಸಿ 10 ಸೆಕೆಂಡ್ ಬಿಡಿ. ಆಮೇಲೆ ಸ್ಕ್ವೇರ್ ವೇವ್‌ನಲ್ಲಿ (ವೋಲ್ಟೇಜನ್ನು ಚೌಕಾಕಾರದ ಅಲೆಯಾಗಿ ಮೇಲೆ ಕೆಳಗೆ ಮಾಡುತ್ತಾ) ಸೊನ್ನೆಯವರೆಗೆ ಏರಿಸಿ, 25 ಹರ್ಟ್ಸ್, 25 ಮಿಲಿವೋಲ್ಟ್ ಆಂಪ್ಲಿಟ್ಯೂಡ್. ಕ್ಯಾಡ್ಮಿಯಂ ಸುಮಾರು ಮೈನಸ್ 0.8ರಲ್ಲಿ, ಸೀಸ ಮೈನಸ್ 0.55ರ ಆಸುಪಾಸಿನಲ್ಲಿ ಕಾಣುತ್ತವೆ. ಅದರಾಚೆ ಬರುವ ದೊಡ್ಡ ಪೀಕ್ ಬಿಸ್ಮತ್‌ದು. ಮುಗಿದ ಮೇಲೆ ಪ್ಲಸ್ 0.3 ವೋಲ್ಟ್‌ನಲ್ಲಿ ಅರ್ಧ ನಿಮಿಷ ಕಲಕಿ ಮುಖ ಖಾಲಿ ಮಾಡಿ, ಇಲ್ಲದಿದ್ದರೆ ಮುಂದಿನ ಓದಿಗೆ ಹಳೆಯ ಬಾಕಿ ಸೇರಿಕೊಳ್ಳುತ್ತದೆ.

ಸ್ಯಾಂಪಲ್ ಮುಟ್ಟುವ ಮೊದಲು ಬ್ಲ್ಯಾಂಕ್ (ಸ್ಯಾಂಪಲ್ ಬದಲು ಶುದ್ಧ ನೀರು ಹಾಕಿದ ದ್ರಾವಣ) ಓಡಿಸಿ. ಬ್ಲ್ಯಾಂಕ್‌ನಲ್ಲೇ ಸೀಸದ ಪೀಕ್ ಎದ್ದರೆ ತಪ್ಪು ಎಲೆಕ್ಟ್ರೋಡ್‌ದೇ ಆಗಬೇಕಿಲ್ಲ. ಬಫರ್ ಉಪ್ಪಿನಲ್ಲೋ, ಆಮ್ಲದಲ್ಲೋ, ಪಿಪೆಟ್ ತುದಿಯಲ್ಲೋ ಸೀಸ ಇರಬಹುದು. ಒಂದೊಂದನ್ನೇ ಬದಲಿಸಿ ಹುಡುಕಿ.

ಲೆಕ್ಕಕ್ಕೆ ಸ್ಟ್ಯಾಂಡರ್ಡ್ ಅಡಿಶನ್ (ಗೊತ್ತಿರುವಷ್ಟು ಲೋಹವನ್ನು ಸ್ಯಾಂಪಲ್‌ಗೇ ಸೇರಿಸಿ ಅಳೆಯುವುದು) ಬಿಟ್ಟು ಬೇರೆ ದಾರಿ ನಾನು ಹೇಳುವುದಿಲ್ಲ, ಏಕೆಂದರೆ ಶುದ್ಧ ನೀರಿನಲ್ಲಿ ಅಳೆದು ಎಳೆದ ಪೀಕ್-ಪ್ರಮಾಣದ ಗೆರೆ ನಿಜವಾದ ಸ್ಯಾಂಪಲ್‌ಗೆ ಹೊಂದುವುದು ಅಪರೂಪ. ಸ್ಯಾಂಪಲ್‌ನ ಪೀಕ್ 2 ಮೈಕ್ರೋಆಂಪ್ ಬಂತು ಅನ್ನಿ. ಲೀಟರಿಗೆ 10 ಮಿಲಿಗ್ರಾಂ ಇರುವ ಸೀಸದ ದ್ರಾವಣವನ್ನು 10 ಮೈಕ್ರೋಲೀಟರ್ ಹಾಕಿದರೆ ಸೆಲ್‌ನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಏರುತ್ತದೆ. ಪೀಕ್ 4 ಆಯಿತು, ಇನ್ನೊಮ್ಮೆ ಹಾಕಿದಾಗ 6. ಅಂದರೆ 10 ಮೈಕ್ರೋಗ್ರಾಂಗೆ 2 ಮೈಕ್ರೋಆಂಪ್, ಸೆಲ್‌ನಲ್ಲಿ ಮೊದಲೇ ಇದ್ದದ್ದೂ ಲೀಟರಿಗೆ 10 ಮೈಕ್ರೋಗ್ರಾಂ. ಅರ್ಧಕ್ಕರ್ಧ ಬಫರ್ ಬೆರೆಸಿದ್ದೀರಿ, ಹಾಗಾಗಿ ಸ್ಯಾಂಪಲ್‌ನಲ್ಲಿ 20.

ತಾಮ್ರ ಜಾಸ್ತಿ ಇರುವ ನೀರು ಕಾಟ ಕೊಡುತ್ತದೆ: ಅದು ಬಿಸ್ಮತ್ ಜೊತೆ ಜಾಗಕ್ಕೆ ಪೈಪೋಟಿಗೆ ಇಳಿದು ಸೀಸದ ಪೀಕನ್ನು ಕುಗ್ಗಿಸುತ್ತದೆ. ಸೋಪು, ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ಆಮ್ಲ ಇದ್ದರೆ ಮುಖವೇ ಮುಚ್ಚಿಹೋಗುತ್ತದೆ. ಅಂಥ ನೀರನ್ನು ಮೊದಲು ಆಮ್ಲ ಹಾಕಿ ಯುವಿ ಬೆಳಕಿನಲ್ಲಿ ಜೀರ್ಣಿಸಿ, ಪಿಎಚ್ ಸರಿಮಾಡಿ, ಆಮೇಲೆ ಅಳೆಯಿರಿ. ಸೇರಿಸಿದ ಪ್ರತಿ ಸಲ ಪೀಕ್ ಏರುವುದು ಕಡಿಮೆಯಾಗುತ್ತಾ ಹೋದರೆ ಮುಖ ಮುಚ್ಚುತ್ತಿದೆ ಅಂತ ಅನುಮಾನಿಸಿ, ಮತ್ತೆ ಉಜ್ಜಿ.

ಅಳೆದ ದ್ರಾವಣವನ್ನು ಸುಮ್ನೆ ಸಿಂಕಿಗೆ ಸುರಿಯಬೇಡಿ, ಲೋಹದ ತ್ಯಾಜ್ಯದ ಬಾಟಲಿಗೆ ಹಾಕಿ. ಎಲೆಕ್ಟ್ರೋಡನ್ನು ತೊಳೆದು ಒಣಗಿಸಿ ಇಡಿ.