ಡಿಎಂಡಿ ಮಕ್ಕಳಿಗಾಗಿ ಮೈಸೂರಿಗೆ ಸೈಕಲ್: ತಯಾರಿ ಎಲ್ಲಿಂದ ಶುರು?

ನೆಲದ ಮೇಲೆ ಕೂತ ಐದು ವರ್ಷದ ಹುಡುಗ ಏಳಬೇಕು. ಮೊದಲು ಬೋರಲು ತಿರುಗುತ್ತಾನೆ. ಎರಡೂ ಕೈ ನೆಲಕ್ಕೂರಿ ಸೊಂಟ ಎತ್ತುತ್ತಾನೆ. ಆಮೇಲೆ ಕೈ ಮೊಣಕಾಲಿಗೆ, ಅಲ್ಲಿಂದ ತೊಡೆಗೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದ ಹಾಗೆ ನೆಟ್ಟಗಾಗುತ್ತಾನೆ. ಡಾಕ್ಟರುಗಳು ಇದನ್ನು ಗೋವರ್ಸ್ ಚಿಹ್ನೆ ಎನ್ನುತ್ತಾರೆ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರಫಿ, ಅಂದರೆ ಡಿಎಂಡಿ ಇರುವ ಎಷ್ಟೋ ಮಕ್ಕಳಲ್ಲಿ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಹೀಗೆ ಏಳುವುದೇ. ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಸಿಗದೆ ಸ್ನಾಯುಗಳು ಸವೆಯುತ್ತಾ ಹೋಗುತ್ತವೆ. ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಹನ್ನೆರಡರ ಆಸುಪಾಸಿಗೆ ಅನೇಕರಿಗೆ ವೀಲ್‌ಚೇರ್ ಬೇಕಾಗುತ್ತದೆ.

ಇಂಥ ಮಕ್ಕಳಿಗಾಗಿ ಹಣ ಕೂಡಿಸಲು ಬೆಂಗಳೂರಿನಿಂದ ಮೈಸೂರಿಗೆ ಸೈಕಲ್ ತುಳಿಯೋಣ ಅಂತ ನೀವೂ ನಾಲ್ಕು ಜನ ಗೆಳೆಯರೂ ಮಾತಾಡಿಕೊಂಡಿದ್ದೀರಾ? ಒಳ್ಳೆಯದು. ಆದರೆ ಸೈಕಲ್ ಅಂಗಡಿಗೆ ಆಮೇಲೆ ಹೋಗಿ. ಮೊದಲು ಒಂದು ಮನೆಗೆ ಹೋಗಿ.

ಹಣದ ದಾರಿ ಮೊದಲು

ಡಿಎಂಡಿ ಮಗುವಿರುವ ಮನೆಯವರನ್ನೋ, ಅಂಥ ಕುಟುಂಬಗಳ ಜೊತೆ ಕೆಲಸ ಮಾಡುವ ಸಂಸ್ಥೆಯನ್ನೋ ಕೇಳಿ, 'ನಿಮಗೆ ಏನು ಬೇಕು?' ಅಂತ. ಉತ್ತರ ಕೇಳಿದರೆ ನಿಮ್ಮ ಲೆಕ್ಕ ಬದಲಾಗುತ್ತದೆ. ಕೋಟಿಗಟ್ಟಲೆ ಬೆಲೆಯ ಔಷಧಿಗೆ ಹತ್ತು ಸೈಕಲ್‌ಗಳು ಹಣ ಹೊಂದಿಸಲಾರವು. ಆದರೆ ಫಿಸಿಯೊಥೆರಪಿ, ಪಾದ ಬಾಗದಂತೆ ರಾತ್ರಿ ಕಟ್ಟುವ ಸ್ಪ್ಲಿಂಟು, ಅಳತೆಗೆ ಸರಿಹೊಂದುವ ವೀಲ್‌ಚೇರ್, ಜೀನ್ ಪರೀಕ್ಷೆಯ ಖರ್ಚು, ಇವು ನಿಮ್ಮ ಕೈಗೆಟಕುತ್ತವೆ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. 'ಅಪರೂಪದ ಕಾಯಿಲೆಗೆ ನೆರವಾಗಿ' ಅನ್ನುವುದಕ್ಕಿಂತ 'ನಾಲ್ಕು ವೀಲ್‌ಚೇರ್‌ಗೆ ನೆರವಾಗಿ' ಅಂದರೆ ಜನ ಬೇಗ ಕೈ ಎತ್ತಿ ಕೊಡುತ್ತಾರೆ.

ಹಣ ನಿಮ್ಮ ಖಾತೆಗೆ ಬರುವುದು ಬೇಡವೇ ಬೇಡ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಇರುವ ಸಂಸ್ಥೆಗೆ ನೇರವಾಗಿ ಹೋಗಲಿ, ರಸೀದಿಯೂ ಅಲ್ಲಿಂದಲೇ ಬರಲಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ 80ಜಿ ವಿನಾಯಿತಿ ಸಿಗುವುದಿಲ್ಲ ಎಂದು ದಾನಿಗಳಿಗೆ ಮೊದಲೇ ಹೇಳಿಬಿಡಿ. ಮಗುವಿನ ಫೋಟೊ, ಹೆಸರು ಹಾಕುವ ಮುಂಚೆ ತಂದೆತಾಯಿಯ ಒಪ್ಪಿಗೆ ಬೇಕು. ಮಗುವಿಗೆ ತಿಳಿಯುವ ವಯಸ್ಸಾಗಿದ್ದರೆ ಅವನನ್ನೂ ಕೇಳಿ.

ಇನ್ನೊಂದು ಮಾತು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ, ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಕೊಡಲು ಅವಕಾಶವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಆಸ್ಪತ್ರೆ ಸೇರಿ ಅಂಥ ಒಂದು ಕೇಂದ್ರ. ನಿಮ್ಮ ಕರಪತ್ರದಲ್ಲಿ ಈ ಒಂದು ಸಾಲು ಇರಲಿ. ಯಾವುದೋ ಊರಿನ ತಾಯಿಯೊಬ್ಬರ ಕೈಗೆ ಅದು ಸಿಕ್ಕರೆ ಹಣಕ್ಕಿಂತ ದೊಡ್ಡ ಸಹಾಯ.

ದಿನ, ದಾರಿ

ಡಿಎಂಡಿ ಜಾಗೃತಿ ದಿನ ಸೆಪ್ಟೆಂಬರ್ 7. ಡಿಸ್ಟ್ರೊಫಿನ್ ಜೀನ್‌ನಲ್ಲಿರುವ 79 ತುಂಡುಗಳ ನೆನಪಿಗೆ 7/9 ಆರಿಸಿದ್ದಾರೆ. ಆದರೆ ಆ ತಿಂಗಳು ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಮೈಸೂರು ಕಡೆ ಹೊರಟವರಿಗೆ ಎದುರುಗಾಳಿ. ನನ್ನ ಸಲಹೆ ಫೆಬ್ರುವರಿಯ ಕೊನೆಯ ಭಾನುವಾರ. ಫೆಬ್ರುವರಿಯ ಕೊನೆಯ ದಿನ ಹೇಗೂ ವಿಶ್ವ ಅಪರೂಪದ ಕಾಯಿಲೆಗಳ ದಿನ.

ಎಕ್ಸ್‌ಪ್ರೆಸ್‌ವೇ ಆಸೆ ಬಿಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್, ಆಟೊ ಬಿಡುವುದಿಲ್ಲ, ಸೈಕಲ್ಲಿಗೂ ಪ್ರವೇಶವಿಲ್ಲ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು ಮೇಲೆ ಹೋದರೆ ಸುಮಾರು 150 ಕಿ.ಮೀ. ಸಾತನೂರು ದಾಟಿದ ಮೇಲಿನ ಏರಿಳಿತದಲ್ಲಿ ಕಾಲು ಸೋಲುತ್ತದೆ. ಅಲ್ಲಿ ಅವಸರ ಬೇಡ.

ಹನ್ನೆರಡು ವಾರ

ಡಿಸೆಂಬರ್ ಮೊದಲ ವಾರ ಶುರು ಮಾಡಿ. ವಾರದ ಮಧ್ಯೆ ಎರಡು ದಿನ ಒಂದೊಂದು ಗಂಟೆ ಸಾಕು. ಭಾನುವಾರದ ದೂರ ಮಾತ್ರ ಏರಬೇಕು: 30, 40, 50 ಕಿ.ಮೀ. ನಾಲ್ಕನೇ ವಾರ 35ಕ್ಕೆ ಇಳಿಸಿ. ಆಮೇಲೆ 60, 70, 85, ಮತ್ತೆ 50. ಒಂಬತ್ತನೇ ವಾರ 100, ಹತ್ತನೇ ವಾರ 120. ಹನ್ನೊಂದರಲ್ಲಿ 60. ಕೊನೆಯ ವಾರ ಸುಮ್ನೆ ಕಾಲು ಸಡಿಲ ಮಾಡಿಕೊಳ್ಳಿ. 120 ತುಳಿದವರಿಗೆ 150 ಆಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಎದೆಯ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಸೀಟಿನ ಎತ್ತರ ಸರಿಮಾಡಿಕೊಳ್ಳುವುದನ್ನು ಮರೆಯಬೇಡಿ. ನಾನು ಮೊದಲ ಸಲ ಉದ್ದ ತುಳಿದಾಗ ಸೀಟು ಕೆಳಗಿತ್ತು. ಮಳವಳ್ಳಿ ಬರುವಷ್ಟರಲ್ಲಿ ಮಂಡಿಚಿಪ್ಪಿನ ಮುಂದೆ ಸೂಜಿ ಚುಚ್ಚಿದ ಹಾಗೆ ನೋವು. ಗೋಡೆ ಹಿಡಿದು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ತುಸು ಬಾಗಿಯೇ ಇರುತ್ತದೆ. ಅದೇ ಬೇಕಾದದ್ದು.

ಆ ದಾರಿಯಲ್ಲೇ ಅಭ್ಯಾಸ ಮಾಡಿದರೆ ಸಂಕ್ರಾಂತಿ ಸುಮಾರಿಗೆ ಒಂದು ಕಾಟ ಎದುರಾಗುತ್ತದೆ, ರಸ್ತೆ ಮೇಲಿನ ಒಕ್ಕಣೆ. ಹುರುಳಿ ಬಳ್ಳಿಯ ಮೇಲೆ ಸೈಕಲ್ ಓಡಿಸಬೇಡಿ. ಚೈನಿಗೆ, ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರ್ ಬದಲಿಸುವ ಡಿರೇಲರ್ ಮುರಿದುಹೋಗಬಹುದು. ಇಳಿದು, ಸೈಕಲ್ ಎತ್ತಿಕೊಂಡು ದಾಟಿ. ಎರಡು ಟ್ಯೂಬ್, ಪಂಪು, ಟೈರ್ ಲಿವರ್, ಅಲೆನ್ ಕೀ ಪ್ರತಿಯೊಬ್ಬರ ಹತ್ತಿರವೂ ಇರಲಿ. ಹಿಂದಿನ ಚಕ್ರದ ಟ್ಯೂಬನ್ನು ಮನೆಯಲ್ಲೇ ಮೂರು ಸಲ ಬಿಚ್ಚಿ ಹಾಕಿ ಕಲಿಯಿರಿ.

ಹೊಟ್ಟೆಯ ಲೆಕ್ಕ

ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ತಿಳಿಯಿರಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಪಚ್ಚಬಾಳೆಹಣ್ಣು, ಒಂದು ಕಡಲೆಕಾಯಿ ಚಿಕ್ಕಿ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಜರ್ಸಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಾಣುವವರು ಓಆರ್‌ಎಸ್ ಇಟ್ಟುಕೊಳ್ಳಿ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಕಡಿಮೆ ಹಾಕಬೇಡಿ. ನಡುವೆ ಇಡ್ಲಿ ಒಳ್ಳೆಯದು. ವಡೆ, ಪೂರಿ ಮೈಸೂರಿಗೆ ಇರಲಿ.

ಹೊರಡುವುದು ಬೆಳಗಿನ ಐದಕ್ಕೆ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೆಲ್ಮೆಟ್. ಗಂಟೆಗೆ 20 ಕಿ.ಮೀ. ಹೋದರೂ ತಂಗುವುದೂ ಸೇರಿ ಒಂಬತ್ತು ಗಂಟೆ ಹಿಡಿಯುತ್ತದೆ. ಎಲ್ಲರಿಗಿಂತ ನಿಧಾನದವರ ವೇಗವೇ ಗುಂಪಿನ ವೇಗ. ಹಿಂದೆ ಒಂದು ಕಾರು ಬರಲಿ.

ಮೈಸೂರು ತಲುಪುವ ಜಾಗ

ಇದಕ್ಕೆ ಒಂದು ತಿಂಗಳು ಮೊದಲೇ ಒಂದು ದಿನ ಕೊಡಿ. ನಿಮ್ಮನ್ನು ಬರಮಾಡಿಕೊಳ್ಳಲು ಮಕ್ಕಳು ಬರುತ್ತಾರೆ, ಅಲ್ವಾ? ಒಂದು ವೀಲ್‌ಚೇರ್ ತೆಗೆದುಕೊಂಡು ಹೋಗಿ, ಅದರಲ್ಲಿ ನೀವೇ ಕೂತು ಗೇಟಿನಿಂದ ಒಳಗೆ ಹೋಗಿ ನೋಡಿ. ಹೊಸ್ತಿಲು ಎರಡಿಂಚು ಎತ್ತರವಿದ್ದರೂ ಮುಂದಿನ ಪುಟ್ಟ ಚಕ್ರ ತಡೆಯುತ್ತದೆ. ಶೌಚಾಲಯದ ಬಾಗಿಲಲ್ಲಿ ಕುರ್ಚಿ ತೂರುತ್ತದಾ ಅಳೆಯಿರಿ. ನೆರಳು ಬೇಕು, ಮಲಗಿಸಲು ಒಂದು ಕೋಣೆ ಬೇಕು. ನೀವು ಎರಡಕ್ಕೆ ತಲುಪುವ ಅಂದಾಜಿದ್ದರೆ ಮನೆಯವರಿಗೆ ನಾಲ್ಕಕ್ಕೆ ಬನ್ನಿ ಎನ್ನಿ. ಪಂಕ್ಚರ್ ಆಗಿ ನೀವು ತಡವಾದರೆ ಆ ಮಕ್ಕಳು ಬಿಸಿಲಲ್ಲಿ ಕಾಯುವಂತಾಗಬಾರದು.