ತುಂಬಾ ವರ್ಷ ಆದ್ಮೇಲೆ ಪಾಪನಿವೇದನೆಗೆ ಹೋಗೋದು ಹೇಗೆ

ಪಾಪನಿವೇದನೆ ಅಂದ್ರೆ ಮಾಡಿದ ಪಾಪಗಳನ್ನ ಫಾದರ್ ಹತ್ರ ಹೇಳಿ ದೇವರ ಕ್ಷಮೆ ಕೇಳೋದು (ಕನ್ಫೆಷನ್). ಕೊನೇ ಸಲ ಯಾವಾಗ ಹೋಗಿದ್ದು ಅಂತಾನೇ ನೆನಪಿಲ್ಲ, ಈಗ ಹೋದ್ರೆ ಫಾದರ್ ಬೈತಾರೇನೋ ಅಂತ ಎಷ್ಟೋ ಕ್ಯಾಥೊಲಿಕರು ಮುಂದಕ್ಕೆ ಹಾಕ್ತಾನೇ ಇರ್ತಾರೆ. ವರ್ಷಕ್ಕೊಂದು ಸಲ ಆದ್ರೂ ಪಾಪನಿವೇದನೆ ಮಾಡ್ಲೇಬೇಕು ಅಂತ 1215ರಲ್ಲಿ ಚರ್ಚ್‌ನ ಬಿಷಪ್‌ಗಳು ಸೇರಿದ್ದ ನಾಲ್ಕನೇ ಲ್ಯಾಟೆರನ್ ಮಹಾಸಭೆ ನಿಯಮ ಮಾಡ್ಬೇಕಾಗಿ ಬಂತು, ಅಂದ್ರೆ ಹಿಂಗೆ ಮುಂದಕ್ಕೆ ಹಾಕೋರು ಆಗ್ಲೂ ಇದ್ರು ಅಂತಾಯ್ತು.

ಚರ್ಚ್‌ನಲ್ಲಿ ಬಲಿಪೂಜೆಗೆ (ಮಾಸ್) ಐದು ನಿಮಿಷ ಇರೋವಾಗ ಹೋಗ್ಬೇಡಿ, ಲೈನ್ ಇರತ್ತೆ, ಫಾದರ್‌ಗೆ ಮೊದ್ಲೇ ಹೇಳಿ ಟೈಮ್ ತಗೊಳ್ಳೋದು ವಾಸಿ. ಅದಕ್ಕೂ ಮುಂಚೆ ಬೈಬಲ್‌ನ ಹತ್ತು ಆಜ್ಞೆಗಳನ್ನ ಒಂದೊಂದಾಗಿ ನೋಡ್ತಾ ಆತ್ಮಶೋಧನೆ ಮಾಡ್ಕೊಳ್ಳಿ. ವಿಷಯ ಗಂಭೀರ, ತಪ್ಪು ಅಂತ ಚೆನ್ನಾಗಿ ಗೊತ್ತಿತ್ತು, ಆದ್ರೂ ಮನಸಾರೆ ಮಾಡಿದ್ದು, ಈ ಮೂರೂ ಇದ್ರೆ ಅದು ಮಾರಕ ಪಾಪ, ಅದನ್ನ ಹೇಳ್ಲೇಬೇಕು, ಯಾವ ಪಾಪ, ಸುಮಾರು ಎಷ್ಟು ಸಲ ಅಂತ. ಚೀಟಿಲಿ ಬರ್ಕೊಂಡು ಹೋದ್ರೂ ಪರವಾಗಿಲ್ಲ, ಆಮೇಲೆ ಹರಿದು ಹಾಕಿ ಅಷ್ಟೇ.

ಫಾದರ್ ಪಾಪನಿವೇದನೆ ಕೇಳೋ ಜಾಗದೊಳಗೆ ಹೋಗಿ ಶಿಲುಬೆ ಗುರುತು ಹಾಕಿ, ಎಷ್ಟು ವರ್ಷ ಆಯ್ತು ಅಂತ ಹೇಳಿ. ಕ್ರಮ ಮರ್ತೋಗಿದೆ ಫಾದರ್ ಅಂದ್ರೆ ಅವರೇ ನಡೆಸ್ಕೊಂಡು ಹೋಗ್ತಾರೆ. ಇಲ್ಲಿ ಜಾಸ್ತಿ ಜನ ಎಡವೋದು ಕಥೆ ಹೇಳೋಕೆ ಶುರು ಮಾಡಿ, ಅತ್ತೆ ಹಿಂಗಂದ್ರು ಅದಕ್ಕೆ ನಾನು ಹಂಗಂದೆ ಅಂತ ಅತ್ತೆ ಪಾಪನೂ ಸೇರ್ಸಿ ಹೇಳ್ತಾರೆ, ಬೇಡ, ನಿಮ್ಮದು ಮಾತ್ರ ನೇರವಾಗಿ ಹೇಳಿ. ಮರೆತು ಬಿಟ್ಟೋದ ಪಾಪಕ್ಕೂ ಕ್ಷಮೆ ಇದೆ, ಮಾರಕ ಪಾಪ ಅಂತ ನೆನಪಾದ್ರೆ ಮುಂದಿನ ಸಲ ಹೇಳಿ. ಬೇಕಂತಲೇ ಮುಚ್ಚಿಟ್ರೆ ಮಾತ್ರ ಇಡೀ ನಿವೇದನೆನೇ ವ್ಯರ್ಥ.

ಫಾದರ್ ಹೊರಗೆ ಬಾಯಿ ಬಿಡ್ತಾರೇನೋ ಅನ್ನೋ ಚಿಂತೆ ಬಿಡಿ, ನೀವು ಹೇಳಿದ್ದನ್ನ ನೇರವಾಗಿ ಬಯಲು ಮಾಡಿದ್ರೆ ಆ ಕ್ಷಣಕ್ಕೇ ಅವರಿಗೆ ಚರ್ಚ್‌ನಿಂದ ಬಹಿಷ್ಕಾರ, ಕೋರ್ಟ್ ಕೇಳಿದ್ರೂ ಹೇಳೋ ಹಂಗಿಲ್ಲ.

ಮತ್ತೆ ಅದೇ ಪಾಪಕ್ಕೆ ಬಿದ್ದುಬಿಡ್ತೀನೇನೋ ಅನ್ನೋ ಭಯ ಬೇರೆ, ಹೆಂಗೂ ಮತ್ತೆ ಮಾಡೋದೇ ಅನ್ನೋ ಲೆಕ್ಕಾಚಾರ ಬೇರೆ. ಮೊದಲನೇದಿದ್ರೆ ಧೈರ್ಯವಾಗಿ ಹೋಗಿ, ಎರಡನೇದಿದ್ರೆ ಪಶ್ಚಾತ್ತಾಪ ಇನ್ನೂ ಬಂದಿಲ್ಲ ಅಂತ ಅರ್ಥ, ಅದನ್ನೇ ಫಾದರ್ ಹತ್ರ ಬಾಯಿಬಿಟ್ಟು ಮಾತಾಡಿ.

ಆಮೇಲೆ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿ, ಅವರು ಪಾಪವಿಮೋಚನೆ ಕೊಡ್ತಾರೆ. ಕೊಟ್ಟ ಪ್ರಾಯಶ್ಚಿತ್ತನ ಅವತ್ತೇ ಮುಗ್ಸಿ, ನಾಳೆ ಅಂದ್ರೆ ಮರ್ತೇ ಹೋಗತ್ತೆ. ಆದ್ರೆ ಕದ್ದಿದ್ದು, ಮೋಸ ಮಾಡಿ ತಗೊಂಡಿದ್ದು ಏನಾದ್ರೂ ಇದ್ರೆ ಬರೀ ಜಪ ಹೇಳಿ ಕೈ ತೊಳ್ಕೊಳ್ಳೋಕಾಗಲ್ಲ, ಆದಷ್ಟು ಮಟ್ಟಿಗೆ ಅದನ್ನ ವಾಪಸ್ ಕೊಡ್ಲೇಬೇಕು.